ಕೃತಕ ಸ್ತನ: ತೊಡಕು ಮತ್ತು ತಿದ್ದುಪಡಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಮಾಸ್ತಿಕಟ್ಟೆ)

ಈ ತಲೆಬರಹವನ್ನು ಕಂಡು ಕೆಲವು ಸಹಪಾಠಿಗಳು ಪುಟ ಮಗುಚಿಬಿಡಬಹುದು. ಇನ್ನು ಕೆಲವರು ಮುಸಿಮುಸಿ ನಗಬಹುದು. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಈ ಪದವನ್ನು ಬಾಯಿಬಿಟ್ಟು ಹೇಳಲಾರದವಳಾಗಿದ್ದೆ. 'ಎದೆ' ಎಂದರೆ ಸಾಕು, ಅದರಲ್ಲಿಯೇ ಎಲ್ಲವೂ ಬಂತೆಂದು ನಮ್ಮ ಮನೆಯ ಹೆಂಗಸರ ನಂಬಿಕೆ. ಡಾಕ್ಟರು 'ನೋವೆಲ್ಲಿ?' ಎಂದು ಕೇಳುವುದು, ಇವರು 'ಎದೆಯಲ್ಲಿ' ಎನ್ನುವುದು, ಅವರು ಹೃದಯದ ಪರೀಕ್ಷೆಗೆ ಬರೆದುಕೊಡುವುದು, ಇಂಥ ಪ್ರಹಸನ ನಮ್ಮ ಕಡೆ ಹೊಸದೇನಲ್ಲ. ನಮ್ಮ ಪಕ್ಕದ ತೀರ್ಥಹಳ್ಳಿಯಲ್ಲಿ ೧೯೩೪ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನರು ವೈದ್ಯರಾಗಿ, ಲೇಖಕಿಯಾಗಿ, ಹೆಂಗಸಿನ ದೇಹದ ವಿಚಾರವನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಬರೆದು, ೧೯೯೧ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಅಷ್ಟು ಹಿಂದೆಯೇ ಬಿಟ್ಟ ಸಂಕೋಚವನ್ನು ನಾನು ಇಂದು ಹಿಡಿದುಕೊಂಡು ಕೂರುವುದು ಸರಿಯಲ್ಲವೆಂದು ಈ ವಿಷಯವನ್ನು ಆರಿಸಿಕೊಂಡೆ. ವೈದ್ಯಶಾಸ್ತ್ರ ನಾನು ಓದಿದ ವಿಷಯವಲ್ಲ, ನಿಜ. ಆದರೆ ಓದಬೇಕಾಗಿ ಬಂತು. ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ನನ್ನ ಚಿಕ್ಕಮ್ಮ ಮಾಸ್ತಿಕಟ್ಟೆಯಲ್ಲಿ ರವಿಕೆ ಹೊಲಿಯುತ್ತಾಳೆ. ಚಿಕ್ಕಪ್ಪನಿಗೆ ವಾರಾಹಿ ವಿದ್ಯುತ್ ಯೋಜನೆಯ ಕಡೆ ಕೆಲಸ. ೨೦೧೪ರಲ್ಲಿ ಅವಳ ಬಲ ಸ್ತನದಲ್ಲಿ ಗಂಟು ಕಂಡಿತು. ಭಾರತದ ಹೆಂಗಸರಲ್ಲಿ ಕಾಣುವ ಕ್ಯಾನ್ಸರುಗಳ ಪೈಕಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದೇ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯ ಹೆಸರನ್ನು ಮಲೆನಾಡಿನ ಹಳ್ಳಿಗಳಲ್ಲಿಯೂ ಕೇಳದವರಿಲ್ಲ. 'ಕಿದ್ವಾಯಿಗೆ ಹೋಗಿ ಬಂದ್ರಂತೆ' ಎಂದರೆ ಮುಂದಿನ ಮಾತು ಬೇಕಾಗುವುದಿಲ್ಲ. ಚಿಕ್ಕಮ್ಮ ಹೋದದ್ದು ಬೇರೊಂದು ಆಸ್ಪತ್ರೆಗೆ. ಅಲ್ಲಿ ಸ್ತನವನ್ನು ಪೂರ್ತಿಯಾಗಿ ತೆಗೆದರು. ಅದೇ ಸಲಕ್ಕೆ ಚರ್ಮದ ಒಳಗೆ ಸಿಲಿಕೋನಿನ ಚೀಲವೊಂದನ್ನು ಇಟ್ಟು ಹೊಲಿದರು. ಬಳಿಕ ವಿಕಿರಣ ಚಿಕಿತ್ಸೆಯೂ ಆಯಿತು. ವೆಚ್ಚದಲ್ಲಿ ಒಂದಿಷ್ಟು ಚಿಕ್ಕಪ್ಪನ ಕೆಲಸದ ಕಡೆಯಿಂದ ಬಂತು, ಉಳಿದದ್ದಕ್ಕೆ ಅಡಿಕೆ ಮಾರಿದರು. ಅವಳು ಉಳಿದಳು. ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಕಥೆ ಅಲ್ಲಿಗೆ ಮುಗಿಯಿತೆಂದೇ ನಾವೆಲ್ಲರೂ ತಿಳಿದಿದ್ದೆವು.

ನಾಲ್ಕು ವರ್ಷಗಳಾದ ಮೇಲೆ ಆ ಭಾಗ ಗಟ್ಟಿಯಾಗತೊಡಗಿತು. ಮೊದಲು ಸ್ವಲ್ಪ ಬಿಗಿತ, ಆಮೇಲೆ ಮೇಲಕ್ಕೆ ಸರಿದು ಗುಂಡಗಾಗಿ ನಿಂತದ್ದು, ಕೊನೆಗೆ ಮಳೆಗಾಲದ ರಾತ್ರಿಗಳಲ್ಲಿ ಬಲ ಮಗ್ಗುಲಿಗೆ ಹೊರಳಲಾರದಷ್ಟು ನೋವು. ಅವಳು ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಮರಳಿ ಬಂದಿದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಜೀವ ಉಳಿದದ್ದು ಸಾಲದೆಂದು ರೂಪವನ್ನೂ ಬಯಸಿದ್ದಕ್ಕೆ ಇದು ಶಿಕ್ಷೆ ಎಂಬ ಭಾವನೆ ಇನ್ನೊಂದು ಕಡೆ. ಈ ಎರಡನೆಯದನ್ನು ಅವಳು ನನಗೆ ಹೇಳಿದ್ದು ತೀರ ಇತ್ತೀಚೆಗೆ. ಸುಮಾರು ನಾಲ್ಕು ವರ್ಷ ಹೀಗೆ ಕಳೆಯಿತು. ೨೦೨೨ರಲ್ಲಿ ಹುಲಿಕಲ್ ಘಾಟಿ ಇಳಿದು ಕರಾವಳಿಯ ಆಸ್ಪತ್ರೆಯೊಂದಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂಗ್ಲಿಷ್ ಕಾಗದವನ್ನು ಓದಿ ಹೇಳಲು ಬೇರೆ ಯಾರೂ ಇರಲಿಲ್ಲ. 'ಎಂತ ಬರ್ದಿದಾರೆ ಓದು ಮಾರಾಯ್ತಿ' ಎಂದು ಅವಳು ಕಾಗದವನ್ನು ನನ್ನ ಕೈಗಿಟ್ಟಳು. ಅಕ್ಷರಗಳನ್ನು ಓದಿದೆ, ಒಂದು ಪದವೂ ಅರ್ಥವಾಗಲಿಲ್ಲ. ಈಗ ಬರೆಯುತ್ತಿರುವುದು ಆ ದಿನ ನಾನು ಅವಳಿಗೆ ಹೇಳಲಾರದೆ ಹೋದ ಉತ್ತರ. ಅವಳ ಒಪ್ಪಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೋದ ಸ್ತನವನ್ನು ಮರಳಿ ಕಟ್ಟುವ ಪ್ರಯತ್ನ ಹಳೆಯದು. ೧೮೯೫ರಲ್ಲಿ ಜರ್ಮನಿಯ ಚೆರ್ನಿ ಎಂಬ ಶಸ್ತ್ರವೈದ್ಯ ಒಬ್ಬ ಹೆಂಗಸಿನ ಬೆನ್ನ ಕೆಳಗಿದ್ದ ಕೊಬ್ಬಿನ ಗಂಟನ್ನೇ ತೆಗೆದು ಅವಳ ಎದೆಯ ಹಳ್ಳವನ್ನು ತುಂಬಿದ. ಆ ಕಾಲದಲ್ಲಿಯೇ ಕೆಲವರು ಪ್ಯಾರಾಫಿನ್ ಮೇಣವನ್ನು ಸೂಜಿಯಿಂದ ಚುಚ್ಚಿ ತುಂಬಿಸಿ ನೋಡಿದರು. ಅದು ಗಂಟು ಗಂಟಾಗಿ, ಹುಣ್ಣಾಗಿ, ಮಾಡಿದವರಿಗೆ ಕೆಟ್ಟ ಹೆಸರನ್ನೂ ಮಾಡಿಸಿಕೊಂಡವರಿಗೆ ಘೋರ ಯಾತನೆಯನ್ನೂ ತಂದಿತು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ದ್ರವರೂಪದ ಸಿಲಿಕೋನನ್ನು ಚುಚ್ಚಿದರು. ಅದರ ಫಲವೂ ಹೆಚ್ಚು ಕಡಿಮೆ ಅದೇ ಆಯಿತು. ಚುಚ್ಚಿದ ವಸ್ತು ಒಂದೆಡೆ ನಿಲ್ಲದು, ಬೇಕೆಂದಾಗ ಪೂರ್ತಿಯಾಗಿ ತೆಗೆಯಲೂ ಬಾರದು. ಹಾಗಾದರೆ ಅದನ್ನು ಒಂದು ಚೀಲದೊಳಗೆ ಕಟ್ಟಿಟ್ಟರೆ?

ಈ ಯೋಚನೆ ಅಮೇರಿಕದ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದ ಫ್ರಾಂಕ್ ಜೆರೋ ಎಂಬ ಡಾಕ್ಟರಿಗೆ ಹೊಳೆಯಿತು. ರಕ್ತ ತುಂಬಿದ ಮೆತ್ತನೆಯ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿದಾಗ ಹೊಳೆಯಿತೆಂದು ಹೇಳುತ್ತಾರೆ. ೧೯೬೨ರಲ್ಲಿ ಅವರೂ ಥಾಮಸ್ ಕ್ರೋನಿನ್ ಎಂಬವರೂ ಸೇರಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಂಗಸಿಗೆ ಸಿಲಿಕೋನ್ ಚೀಲಗಳನ್ನು ಇಟ್ಟರು. ಆಕೆ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆಯನ್ನು ತೆಗೆಸಿಕೊಳ್ಳಲು. ಇದನ್ನು ಮಾಡಿಸಿಕೊಳ್ಳುವೆಯಾ ಎಂದು ಡಾಕ್ಟರುಗಳೇ ಕೇಳಿದರು. ಆಕೆಗೆ ಅದಕ್ಕಿಂತ ತನ್ನ ಮುಂಚಾಚಿದ ಕಿವಿಗಳನ್ನು ಸರಿಮಾಡಿಸಿಕೊಳ್ಳುವ ಆಸೆ. ಕೊನೆಗೆ ಎರಡೂ ಆದವು. ಜಗತ್ತಿನ ಮೊದಲ ಸಿಲಿಕೋನ್ ಇಂಪ್ಲಾಂಟ್ ಅದನ್ನು ಕೇಳಿಕೊಂಡು ಬಂದವಳಿಗೆ ಇಟ್ಟದ್ದಲ್ಲ ಎಂಬುದು ನನಗೆ ಬಹಳ ಯೋಚನೆ ಹಚ್ಚಿದ ಸಂಗತಿ.

ಇಂದಿನ ಚೀಲವೂ ಮೂಲದಲ್ಲಿ ಅದೇ. ಹೊರಗೆ ಸಿಲಿಕೋನ್ ರಬ್ಬರಿನ ತೆಳು ಪದರ. ಒಳಗೆ ಅಂಟಂಟಾದ ಸಿಲಿಕೋನ್ ಪಾಕ, ಇಲ್ಲವೆ ಶುದ್ಧ ಉಪ್ಪುನೀರು. ಕೆಲವರಲ್ಲಿ ಇದನ್ನು ಎದೆಯ ಮಾಂಸಖಂಡದ ಮೇಲೆ ಇಡುತ್ತಾರೆ, ಕೆಲವರಲ್ಲಿ ಕೆಳಗೆ. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರು ಮಾತ್ರವಲ್ಲ, ಬರಿಯ ರೂಪಕ್ಕಾಗಿ ಇಡಿಸಿಕೊಳ್ಳುವವರೂ ಜಗತ್ತಿನಲ್ಲಿ ಬಹಳ ಮಂದಿ; ಬೆಂಗಳೂರಿನಂಥ ನಗರಗಳಲ್ಲಿ ಅದಕ್ಕೆ ಜಾಹೀರಾತುಗಳೂ ಇವೆ. ಅವರನ್ನು ಹಳಿಯುವುದು ನಮ್ಮಲ್ಲಿ ಸುಲಭದ ಮಾತು. ಆದರೆ ತೊಡಕು ಬಂದಾಗ ಚೀಲವು ಕಾರಣವನ್ನು ಕೇಳಿ ಬಿಗಿಯುವುದಿಲ್ಲ. ನೋವು ಇಬ್ಬರಿಗೂ ಒಂದೇ.

ಇನ್ನು ತೊಡಕುಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಚಿಕ್ಕಮ್ಮನಿಗೆ ಬಂದದ್ದೇ. ಅದರ ಹುಟ್ಟನ್ನು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ದೃಶ್ಯವನ್ನು ನೆನೆದುಕೊಂಡರೆ ಸಾಕು. ಬೇಲಿಗೆ ಗೂಟ ಹುಡುಕಲು ಬೇಸರಪಟ್ಟು ಬದುವಿನ ಮರಕ್ಕೇ ಮುಳ್ಳುತಂತಿಯನ್ನು ಬಿಗಿದಿರುತ್ತಾರೆ. ಹತ್ತು ವರ್ಷಗಳಲ್ಲಿ ಮರ ಆ ತಂತಿಯನ್ನು ಸುತ್ತುವರಿದು ತನ್ನೊಳಗೆ ಮುಚ್ಚಿಬಿಡುತ್ತದೆ. ಹೊರಗೆ ತಳ್ಳಲಾರದ್ದನ್ನು ಗೋಡೆ ಕಟ್ಟಿ ಬೇರೆಯಿಡುವುದು ಜೀವವಿರುವ ವಸ್ತುವಿನ ರೀತಿ. ಮನುಷ್ಯನ ದೇಹವೂ ಒಳಗಿಟ್ಟ ಚೀಲದ ಸುತ್ತ ನಾರಿನಂಥ ಪೊರೆಯೊಂದನ್ನು ಕಟ್ಟುತ್ತದೆ. ಇದು ರೋಗವಲ್ಲ, ಇಡಿಸಿಕೊಂಡ ಎಲ್ಲರಲ್ಲಿಯೂ ಆಗುವಂಥದು. ಪೊರೆ ತೆಳ್ಳಗೆ ಮೃದುವಾಗಿದ್ದರೆ ಒಳ್ಳೆಯದೇ, ಚೀಲವನ್ನು ಇದ್ದಲ್ಲಿಯೇ ಹಿಡಿದಿಡುತ್ತದೆ.

ಕೆಲವರಲ್ಲಿ ಮಾತ್ರ ಈ ಪೊರೆ ದಪ್ಪವಾಗಿ ಕುಗ್ಗತೊಡಗುತ್ತದೆ. ಒದ್ದೆ ಹಗ್ಗ ಒಣಗುವಾಗ ಬಿಗಿಯುವ ಹಾಗೆ ಎಲ್ಲ ಕಡೆಯಿಂದಲೂ ಅಮುಕುತ್ತದೆ. ಹೀಗೆ ಅಮುಕಿದ ಚೀಲಕ್ಕೆ ಉಳಿಯುವ ಆಕಾರ ಒಂದೇ, ಗೋಲ. ಒಂದು ಗಾತ್ರದ ವಸ್ತುವನ್ನು ಅತಿ ಕಡಿಮೆ ಹೊದಿಕೆಯಲ್ಲಿ ಹಿಡಿಸುವ ಆಕಾರ ಅದೇ ಎಂದು ಪ್ರೌಢಶಾಲೆಯ ಗಣಿತದಲ್ಲಿ ಓದಿದ್ದೇವೆ. ಆದುದರಿಂದಲೇ ಸ್ತನವು ಚೆಂಡಿನಂತೆ ಗುಂಡಗಾಗುವುದು, ಮೇಲಕ್ಕೆ ಸರಿಯುವುದು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಗಟ್ಟಿಯಾಗುವುದು ಚೀಲವಲ್ಲ. ಹೊರತೆಗೆದರೆ ಚೀಲ ಮೊದಲಿನಷ್ಟೇ ಮೆತ್ತಗಿರುತ್ತದೆ. ಕಲ್ಲಾಗಿರುವುದು ಅದರ ಸುತ್ತಣ ಹಿಡಿತ. ವೈದ್ಯರು ಈ ಬಿಗಿತವನ್ನು ಬೇಕರ್ ಎಂಬವರ ಹೆಸರಿನಲ್ಲಿ ನಾಲ್ಕು ಮೆಟ್ಟಿಲುಗಳಾಗಿ ಅಳೆಯುತ್ತಾರೆ. ಮೊದಲನೆಯದರಲ್ಲಿ ಎಲ್ಲವೂ ಸಹಜ, ಎರಡನೆಯದರಲ್ಲಿ ಮುಟ್ಟಿದರೆ ತಿಳಿಯುತ್ತದೆ, ಮೂರನೆಯದರಲ್ಲಿ ಕಣ್ಣಿಗೂ ಕಾಣುತ್ತದೆ, ನಾಲ್ಕನೆಯದರಲ್ಲಿ ನೋವು. ಚಿಕ್ಕಮ್ಮ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು.

ಕಾರಣ? ಒಂದೇ ಎಂದು ಹೇಳುವಂತಿಲ್ಲ. ಶಸ್ತ್ರಕ್ರಿಯೆಯ ವೇಳೆ ಚೀಲದ ಮೇಲೆ ಕುಳಿತ ಸೂಕ್ಷ್ಮಾಣುಗಳು ಜ್ವರವನ್ನೂ ಕೀವನ್ನೂ ತರದೆ ವರ್ಷಗಟ್ಟಲೆ ಪೊರೆಯನ್ನು ಕೆಣಕುತ್ತಿರಬಹುದು. ಒಳಗೆ ರಕ್ತ ಕಟ್ಟಿಕೊಂಡದ್ದೂ ಕಾರಣವಾಗಬಹುದು. ಎಲ್ಲಕ್ಕಿಂತ ಸ್ಪಷ್ಟವಾದದ್ದು ವಿಕಿರಣ ಚಿಕಿತ್ಸೆ. ಕ್ಯಾನ್ಸರನ್ನು ಸುಡುವ ಕಿರಣ ಸುತ್ತಲಿನ ಚರ್ಮವನ್ನೂ ಮಾಂಸವನ್ನೂ ಒರಟಾಗಿಸುತ್ತದೆ. ಅಂಥ ಜಾಗದಲ್ಲಿ ಪೊರೆ ಬಿಗಿಯುವ ಸಂಭವ ಬಹಳ ಹೆಚ್ಚು. ಅವಳ ರೂಪದಾಸೆಗೂ ಈ ಬಿಗಿತಕ್ಕೂ ಸಂಬಂಧವೇ ಇರಲಿಲ್ಲ. ಜೀವ ಉಳಿಸಿದ ಚಿಕಿತ್ಸೆಯೇ ಅದನ್ನು ತಂದಿತ್ತು. ಈ ಒಂದು ವಾಕ್ಯವನ್ನು ಯಾರಾದರೂ ೨೦೧೪ರಲ್ಲಿಯೇ ಅವಳಿಗೆ ಕನ್ನಡದಲ್ಲಿ ಹೇಳಿದ್ದರೆ ನಾಲ್ಕು ವರ್ಷದ ಮೌನ ಉಳಿಯುತ್ತಿತ್ತು.

ಎರಡನೆಯ ತೊಡಕು ಚೀಲ ಹರಿಯುವುದು. ಉಪ್ಪುನೀರಿನದು ಹರಿದರೆ ಕೂಡಲೇ ಗೊತ್ತಾಗುತ್ತದೆ. ಗಾಳಿ ಹೋದ ಚೆಂಡಿನಂತೆ ಇಳಿಯುತ್ತದೆ, ನೀರನ್ನು ದೇಹ ಹೀರಿಕೊಳ್ಳುತ್ತದೆ. ಸಿಲಿಕೋನಿನದು ಹರಿದರೆ ಸದ್ದಿಲ್ಲ. ಪಾಕವು ಪೊರೆಯೊಳಗೇ ನಿಂತಿರುತ್ತದೆ. ವರ್ಷಗಳವರೆಗೆ ಯಾವ ಲಕ್ಷಣವೂ ತೋರದಿರಬಹುದು. ಕೈಯಿಂದ ಮುಟ್ಟಿ ಇದನ್ನು ಹಿಡಿಯುವುದು ವೈದ್ಯರಿಗೂ ಕಷ್ಟ. ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆಯೇ ಬೇಕು. ಎಂ.ಆರ್.ಐ. ಚಿತ್ರದಲ್ಲಿ ಹರಿದ ಹೊರಪದರ ಮಡಚಿಕೊಂಡು ಪಾಕದಲ್ಲಿ ತೇಲುವುದು ಅಂಕುಡೊಂಕು ಗೆರೆಗಳಾಗಿ ಕಾಣುತ್ತದೆ. ಪಾಶ್ಚಾತ್ಯ ವೈದ್ಯರು ಅದಕ್ಕೆ ಇಟಲಿಯ ಒಂದು ಶ್ಯಾವಿಗೆಯ ಹೆಸರನ್ನು ಇಟ್ಟಿದ್ದಾರೆ. ನಮ್ಮ ಡಾಕ್ಟರು ಚಿಕ್ಕಮ್ಮನಿಗೆ ಪರದೆಯ ಮೇಲೆ ಅದನ್ನು ತೋರಿಸಿ 'ನೋಡಮ್ಮ, ಹಾಲಿನಲ್ಲಿ ಶ್ಯಾವಿಗೆ ಹಾಗಿದೆ' ಎಂದರು. ಬಿಗಿತವಲ್ಲದೆ ಅವಳ ಚೀಲ ಹರಿದೂ ಇತ್ತು. ಅದು ಅವಳಿಗೆ ತಿಳಿದೇ ಇರಲಿಲ್ಲ.

ಚೀಲ ಕೆಳಕ್ಕೋ ಪಕ್ಕಕ್ಕೋ ಜಾರುವುದು, ಚರ್ಮದ ಮೇಲೆ ಅಲೆ ಅಲೆಯಾಗಿ ಸುಕ್ಕು ಕಾಣುವುದು, ಎರಡು ಪಕ್ಕ ಸಮವಿಲ್ಲದಿರುವುದು, ಇವು ಜೀವಕ್ಕೆ ಭಯವಿಲ್ಲದ ತೊಡಕುಗಳು. ಸೋಂಕು ತಗುಲಿ ಕೆಂಪಾಗಿ ಜ್ವರ ಬಂದರೆ ಮಾತ್ರ ತಡಮಾಡುವಂತಿಲ್ಲ. ಹಲವು ಸಲ ಚೀಲವನ್ನು ತೆಗೆದು, ತಿಂಗಳುಗಳವರೆಗೆ ಕಾದು, ಆಮೇಲೆ ಬೇರೆಯದನ್ನು ಇಡಬೇಕಾಗುತ್ತದೆ. ಇನ್ನೊಂದು ಅಪರೂಪವಾದರೂ ಗಂಭೀರವಾದದ್ದು. ಹೊರಮೈ ಒರಟಾಗಿರುವ ಚೀಲಗಳ ಸುತ್ತ, ಸಾಮಾನ್ಯವಾಗಿ ಇಟ್ಟು ಹಲವು ವರ್ಷಗಳಾದ ಮೇಲೆ, ನೀರು ತುಂಬಿ ಸ್ತನ ಏಕಾಏಕಿ ಊದುತ್ತದೆ. ಅಂಥ ಕೆಲವರಲ್ಲಿ ಒಂದು ಬಗೆಯ ಲಿಂಫೋಮಾ ಕಂಡುಬಂದಿದೆ. ಇದು ಸ್ತನದ ಕ್ಯಾನ್ಸರಲ್ಲ, ದೇಹದ ರಕ್ಷಣಾ ಕಣಗಳದು. ಅಮೇರಿಕದ ಔಷಧ ನಿಯಂತ್ರಣ ಇಲಾಖೆ ಈ ಸಂಬಂಧವನ್ನು ಮೊದಲು ಪ್ರಕಟಿಸಿದ್ದು ೨೦೧೧ರಲ್ಲಿ. ೨೦೧೯ರ ಜುಲೈಯಲ್ಲಿ ಅಲರ್ಗಾನ್ ಕಂಪನಿ ತನ್ನ ಒರಟು ಮೈಯ ಚೀಲಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡಿತು. ಬೇಗ ತಿಳಿದರೆ ಚೀಲವನ್ನೂ ಪೊರೆಯನ್ನೂ ಸಮಗ್ರವಾಗಿ ತೆಗೆದು ಬಹುಮಂದಿಯನ್ನು ಗುಣಪಡಿಸಬಹುದು. ಯಾವ ಲಕ್ಷಣವೂ ಇಲ್ಲದವರು ಹೆದರಿ ತೆಗೆಸಿಕೊಳ್ಳಬೇಕಾಗಿಲ್ಲವೆಂದೂ ಅದೇ ಇಲಾಖೆ ಹೇಳಿತು.

ಚೀಲವನ್ನು ಇಟ್ಟವರ ಕೈ ಚೆನ್ನಾಗಿದ್ದರೂ ಚೀಲವೇ ಕಳಪೆಯಾದರೆ ಏನಾಗುತ್ತದೆಂಬುದಕ್ಕೆ ಫ್ರಾನ್ಸಿನ ಪಿ.ಐ.ಪಿ. ಕಂಪನಿಯ ಪ್ರಕರಣ ಕುಖ್ಯಾತವಾದದ್ದು. ದೇಹಕ್ಕೆ ತಕ್ಕ ಸಿಲಿಕೋನಿನ ಬದಲು ಕಾರ್ಖಾನೆಗಳಲ್ಲಿ ಬಳಸುವ ಅಗ್ಗದ ಸಿಲಿಕೋನನ್ನು ತುಂಬಿ ಅದು ಮಾರುತ್ತಿತ್ತು. ೨೦೧೦ರಲ್ಲಿ ಮೋಸ ಹೊರಬೀಳುವ ಹೊತ್ತಿಗೆ ಸುಮಾರು ೬೫ ದೇಶಗಳ ಮೂರು ಲಕ್ಷದಷ್ಟು ಹೆಂಗಸರ ದೇಹದಲ್ಲಿ ಆ ಚೀಲಗಳಿದ್ದವು. ೨೦೧೧ರ ಕೊನೆಯಲ್ಲಿ ಫ್ರಾನ್ಸಿನ ಸರಕಾರ ಅವನ್ನು ತೆಗೆಸಿಕೊಳ್ಳುವಂತೆ ಸಲಹೆ ಮಾಡಿತು. ಕಂಪನಿಯ ಸ್ಥಾಪಕನಿಗೆ ೨೦೧೩ರಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಮೂರು ಲಕ್ಷ ಮಂದಿಯಲ್ಲಿ ತನ್ನೊಳಗಿರುವುದು ಯಾವ ಕಂಪನಿಯ ಚೀಲವೆಂದು ಬಲ್ಲವರೆಷ್ಟು ಮಂದಿ?

ಏಕೆಂದರೆ ಘಾಟಿಯ ಕೆಳಗಿನ ಆ ಡಾಕ್ಟರು ಚಿಕ್ಕಮ್ಮನನ್ನು ಮೊಟ್ಟಮೊದಲು ಕೇಳಿದ್ದು ಇದನ್ನೇ. ಯಾವ ವರ್ಷ ಇಟ್ಟದ್ದು? ಹೇಳಿದಳು. ಕಿರಣ ಕೊಟ್ಟಿದ್ದರೆ? ಹೇಳಿದಳು. ಯಾವ ಕಂಪನಿಯದು, ಯಾವ ಅಳತೆಯದು? ಅವಳು ನನ್ನ ಮುಖ ನೋಡಿದಳು, ನಾನು ಕಾಗದಗಳ ಕಟ್ಟನ್ನು ಬಿಚ್ಚಿದೆ. ಬಿಲ್ಲುಗಳಿದ್ದವು, ರಕ್ತ ಪರೀಕ್ಷೆಯ ಚೀಟಿಗಳಿದ್ದವು, ಬಸ್ಸಿನ ಟಿಕೆಟುಗಳೂ ಇದ್ದವು. ಚೀಲದ ಚೀಟಿ ಇರಲಿಲ್ಲ. ಪ್ರತಿಯೊಂದು ಇಂಪ್ಲಾಂಟಿನ ಜೊತೆಗೂ ಕಂಪನಿಯ ಹೆಸರು, ಅಳತೆ, ಕ್ರಮಸಂಖ್ಯೆ ಇರುವ ಅಂಟುಚೀಟಿ ಬರುತ್ತದೆ; ಅದರ ಒಂದು ಪ್ರತಿ ರೋಗಿಗೆ ಸೇರಬೇಕಾದದ್ದು. ಅವಳಿಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ಕೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಹಳೆಯ ಆಸ್ಪತ್ರೆಗೆ ಚಿಕ್ಕಪ್ಪ ಎರಡು ಸಲ ಹೋಗಿ ಬಂದರೂ ದಾಖಲೆ ಸಿಗಲಿಲ್ಲ. ಒಂದು ಮಿಕ್ಸಿ ಕೊಂಡರೆ ಗ್ಯಾರಂಟಿ ಕಾರ್ಡನ್ನು ನಾವು ಹತ್ತು ವರ್ಷ ಟ್ರಂಕಿನಲ್ಲಿ ಇಡುತ್ತೇವೆ!

ಮಿಕ್ಸಿಯ ಹೋಲಿಕೆ ಸುಮ್ಮನೆ ಬಂದದ್ದಲ್ಲ. ಇಂಪ್ಲಾಂಟ್ ಆಜೀವ ಬಾಳುವ ವಸ್ತುವಲ್ಲ. ಒಳಗಿದ್ದಷ್ಟು ವರ್ಷಗಳು ಹೆಚ್ಚಾದಂತೆ ತೊಡಕು ಬರುವ ಸಂಭವವೂ ಹೆಚ್ಚುತ್ತದೆ; ಇಡಿಸಿಕೊಂಡವರಲ್ಲಿ ಅನೇಕರಿಗೆ ಎಂದಾದರೂ ಒಮ್ಮೆ ಮರುಶಸ್ತ್ರಕ್ರಿಯೆ ಬೇಕಾಗುತ್ತದೆ. ಅದು ಯಾರ ಸೋಲೂ ಅಲ್ಲ, ಯಾರ ಪಾಪವೂ ಅಲ್ಲ. ಇಡುವ ದಿನವೇ ಲೆಕ್ಕದಲ್ಲಿ ಸೇರಿರಬೇಕಾದ ಮಾತು. ಅಮೇರಿಕದಲ್ಲಿ ೧೯೯೨ರಿಂದ ೨೦೦೬ರವರೆಗೆ ಸಿಲಿಕೋನ್ ಪಾಕದ ಚೀಲಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧವಿತ್ತು. ೨೦೨೧ರ ಅಕ್ಟೋಬರಿನಲ್ಲಿ ಅಲ್ಲಿ ಹೊಸ ನಿಯಮ ಬಂತು. ಚೀಲದ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ಎದ್ದು ಕಾಣುವ ಎಚ್ಚರಿಕೆ ಇರಬೇಕು, ಶಸ್ತ್ರಕ್ರಿಯೆಗೆ ಮುಂಚೆ ಅಪಾಯಗಳ ಪಟ್ಟಿಯನ್ನು ರೋಗಿಯೊಡನೆ ಒಂದೊಂದಾಗಿ ಚರ್ಚಿಸಬೇಕು, ಚೀಲದ ಚೀಟಿ ಅವಳ ಕೈಸೇರಬೇಕು. ಸಿಲಿಕೋನ್ ಪಾಕದ ಚೀಲವಿರುವವರು ಯಾವ ತೊಂದರೆ ಇಲ್ಲದಿದ್ದರೂ ಐದಾರು ವರ್ಷಕ್ಕೊಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡನ್ನೋ ಎಂ.ಆರ್.ಐ.ಯನ್ನೋ ಮಾಡಿಸಬೇಕೆಂದೂ ಹೇಳಿದರು. ನಮ್ಮ ಊರಿನಿಂದ ಎಂ.ಆರ್.ಐ. ಯಂತ್ರವಿರುವ ಊರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಪರೀಕ್ಷೆಯ ಸಾವಿರಾರು ರೂಪಾಯಿ. ಇದನ್ನು ಲೆಕ್ಕ ಹಾಕದೆ ಚೀಲದ ಬೆಲೆಯನ್ನಷ್ಟೇ ಹೇಳಿದರೆ ಅರ್ಧ ಬೆಲೆ ಹೇಳಿದಂತೆ.

ಹಾಗಾದರೆ ತಿದ್ದುಪಡಿ ಹೇಗೆ? ೧೯೭೦ರ ದಶಕದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಡಾಕ್ಟರು ಎರಡು ಕೈಗಳಿಂದ ಸ್ತನವನ್ನು ಬಲವಾಗಿ ಹಿಂಡಿ ಒಳಗಿನ ಪೊರೆಯನ್ನು ಪಟ್ಟೆಂದು ಒಡೆಯುತ್ತಿದ್ದರು. ಎಷ್ಟೋ ಸಲ ಪೊರೆಯ ಜೊತೆ ಚೀಲವೂ ಒಡೆಯುತ್ತಿದ್ದುದರಿಂದ ಅದನ್ನು ಕೈಬಿಟ್ಟರು, ಕೈಬಿಟ್ಟದ್ದು ಲೇಸಾಯಿತು. ಈಗ ಕುಯ್ದೇ ಮಾಡುತ್ತಾರೆ. ಬಿಗಿತ ಕಡಿಮೆಯಿದ್ದರೆ ಪೊರೆಗೆ ಅಲ್ಲಲ್ಲಿ ಗೀರು ಹಾಕಿ ಸಡಿಲಿಸುವುದು. ಹೆಚ್ಚಿದ್ದರೆ ಪೊರೆಯನ್ನೇ ಬಿಡಿಸಿ ತೆಗೆದು ಹೊಸ ಚೀಲವನ್ನು ಇಡುವುದು. ಮೊದಲು ಮಾಂಸಖಂಡದ ಮೇಲಿದ್ದರೆ ಈಗ ಕೆಳಗೆ, ಹೀಗೆ ಸ್ಥಳವನ್ನು ಬದಲಿಸುವುದೂ ಉಂಟು. ಜಾರಿದ ಚೀಲಕ್ಕೆ ಒಳಗಿನ ಜೇಬನ್ನು ಹೊಲಿದು ಕಿರಿದು ಮಾಡುತ್ತಾರೆ. ಸುಕ್ಕು ಕಾಣುವಲ್ಲಿ ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬನ್ನು ಹೀರಿ ಚರ್ಮದ ಕೆಳಗೆ ತುಂಬುತ್ತಾರೆ. ಇದನ್ನು ಡಾಕ್ಟರು ವಿವರಿಸುತ್ತಿದ್ದಾಗ ಚಿಕ್ಕಮ್ಮ ನಡುವೆ ಬಾಯಿ ಹಾಕಿ, 'ಹೊಸ್ತು ಹೊಲಿಯೋದು ಸುಲಭ ಡಾಕ್ಟ್ರೇ, ಆಲ್ಟ್ರೇಷನ್ನೇ ಕಷ್ಟ. ಒಳಗೆ ಬಟ್ಟೆ ಬಿಟ್ಟಿರಬೇಕಲ್ಲ' ಎಂದಳು. ಡಾಕ್ಟರು ನಕ್ಕು, ಅದೇ ಮಾತು, ನಿಮ್ಮಲ್ಲಿ ಬಟ್ಟೆ ಉಳಿದಿಲ್ಲ ಎಂದರು. ವಿಕಿರಣ ತಾಗಿದ ಚರ್ಮ ತೆಳುವಾಗಿ, ಬಿಗಿಯಾಗಿ, ರಕ್ತಸಂಚಾರ ಕಡಿಮೆಯಾಗಿರುತ್ತದೆ. ಅಲ್ಲಿ ಇನ್ನೊಂದು ಚೀಲವನ್ನು ಇಟ್ಟರೆ ಅದೂ ಬಿಗಿಯುವ ಸಂಭವವೇ ಹೆಚ್ಚು.

ಅಂಥವರಿಗೆ ಉಳಿಯುವ ದಾರಿ ಅವರ ದೇಹದಿಂದಲೇ ತಂದು ಕಟ್ಟುವುದು. ಬೆನ್ನಿನ ಅಗಲವಾದ ಮಾಂಸಖಂಡವನ್ನು, ಅದರ ರಕ್ತನಾಳ ಕಡಿಯದಂತೆ, ಕಂಕುಳಿನ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಎದೆಯನ್ನು ತುಂಬುವುದು ಒಂದು ಬಗೆ. ಇಟಲಿಯ ತಾನ್ಸೀನಿ ಎಂಬವರು ಇದನ್ನು ೧೯೦೬ರಷ್ಟು ಹಿಂದೆಯೇ ಮಾಡಿದ್ದರು. ಇನ್ನೊಂದು ಬಗೆಯಲ್ಲಿ ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಸಣ್ಣ ರಕ್ತನಾಳ ಸಹಿತ ಎತ್ತಿ, ಎದೆಯ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಜೋಡಿಸಿ ಹೊಲಿಯುತ್ತಾರೆ. ಹಲವು ಗಂಟೆಗಳ ಕೆಲಸ; ಹೊಲಿದ ನಾಳ ಕಟ್ಟಿಕೊಂಡರೆ ಎಲ್ಲವೂ ವ್ಯರ್ಥ. ಆದರೆ ಅಂಟಿಕೊಂಡರೆ ಅದು ಅವಳದೇ ಮಾಂಸ. ಬಿಗಿಯುವ ಪೊರೆಯೂ ಇಲ್ಲ, ಹರಿಯುವ ಚೀಲವೂ ಇಲ್ಲ.

ದೇಹದ ಒಂದೆಡೆಯ ಚರ್ಮವನ್ನು ರಕ್ತಸಂಚಾರ ತಪ್ಪದಂತೆ ಇನ್ನೊಂದೆಡೆಗೆ ತಿರುಗಿಸುವ ಈ ಉಪಾಯ ಪಶ್ಚಿಮಕ್ಕೆ ಹೋದುದರಲ್ಲಿ ನಮ್ಮ ಮೈಸೂರು ಸೀಮೆಯ ಯುದ್ಧವೊಂದರ ಪಾತ್ರವಿದೆ. ಕಾವಸಜೀ ಎಂಬವನು ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಅವನಿಗೆ ಮೂಗನ್ನು ಕಟ್ಟಿದ. ಈ ವೃತ್ತಾಂತ ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯೂ ಎಂಬ ವೈದ್ಯ ೧೮೧೪ರಲ್ಲಿ ಅಲ್ಲಿಯೇ ಅದನ್ನು ಮಾಡಿ ತೋರಿಸಿದ. ಇತಿಹಾಸ ನನ್ನ ಐಚ್ಛಿಕ ವಿಷಯವಾದುದರಿಂದ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ; ಅಧ್ಯಾಪಕರು ಕ್ಷಮಿಸಬೇಕು.

ಮೂರನೆಯ ದಾರಿಯೊಂದಿದೆ. ಅದನ್ನು ನಮ್ಮಲ್ಲಿ ತಿದ್ದುಪಡಿ ಎಂದೇ ಯಾರೂ ಕರೆಯುವುದಿಲ್ಲ. ಚೀಲವನ್ನೂ ಪೊರೆಯನ್ನೂ ತೆಗೆದು, ಬೇರೇನನ್ನೂ ಇಡದೆ, ಎದೆಯನ್ನು ಸಪಾಟಾಗಿ ಹೊಲಿದುಬಿಡುವುದು. ಡಾಕ್ಟರು ಮೂರನ್ನೂ ಹೇಳಿ, ಯೋಚಿಸಿ ಬನ್ನಿ ಎಂದರು. ನನಗಂತೂ ಹೊಟ್ಟೆಯಿಂದ ತಂದು ಕಟ್ಟುವ ವಿದ್ಯೆಯೇ ಅದ್ಭುತವೆನಿಸಿತ್ತು. ಅದನ್ನೇ ಮಾಡಿಸಿಕೊ ಎಂದು ದಾರಿಯುದ್ದಕ್ಕೂ ಹೇಳಿದೆ. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: ಯಾವುದಾದ ಮೇಲೆ ಎಷ್ಟು ದಿನಕ್ಕೆ ಮೆಷಿನ್ ತುಳಿಯಬಹುದು? ಬೆನ್ನಿನದಾದರೆ ಬಲ ತೋಳಿನ ಶಕ್ತಿ ಸ್ವಲ್ಪ ಕುಂದಬಹುದು, ಹೊಟ್ಟೆಯದಾದರೆ ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ. ಅವಳು ಮೂರನೆಯದನ್ನು ಆರಿಸಿದಳು. ನಾನು ಒಂದು ವಾರ ಅವಳ ಮೇಲೆ ಮುನಿಸಿಕೊಂಡಿದ್ದೆ. ಅವಳು ಸೋತುಬಿಟ್ಟಳೆಂದು ತಿಳಿದಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಮೊದಲ ಸಲ ಚೀಲವನ್ನು ಇಡುವಾಗ ಅವಳನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ, 'ಇಡ್ತಾರೆ, ಒಳ್ಳೇದು' ಎಂದಷ್ಟೇ ಹೇಳಿದ್ದರು. ಎರಡನೆಯ ಸಲ ಕೇಳಿದರು, ಅವಳು ಹೇಳಿದಳು.

ಶಸ್ತ್ರಕ್ರಿಯೆ ಸುಗಮವಾಗಿ ಆಯಿತು. ತೆಗೆದ ಪೊರೆ ಕೆಲವೆಡೆ ಸುಣ್ಣಗಟ್ಟಿ ಮೊಟ್ಟೆಯ ಚಿಪ್ಪಿನಂತಾಗಿತ್ತಂತೆ. ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕ್ಯಾನ್ಸರಿನ ಅಂಶ ಇರಲಿಲ್ಲ. ನಾಲ್ಕು ವರ್ಷಗಳಿಂದ ಅವಳು ಹೆದರಿದ್ದದ್ದು ಅಲ್ಲಿ ಇರಲೇ ಇಲ್ಲ.

ಈಗ ಅವಳು ಒಳಕುಪ್ಪಸದಲ್ಲಿ ಇಟ್ಟುಕೊಳ್ಳುವ ದಿಂಬನ್ನು ತಾನೇ ಹೊಲಿದುಕೊಂಡಿದ್ದಾಳೆ. ಬರಿಯ ಹತ್ತಿಯಾದರೆ ಹಗುರವಾಗಿ ಮೇಲಕ್ಕೇರಿ ಬರುತ್ತದೆ. ಎಡಪಕ್ಕದ ಭಾರಕ್ಕೆ ಸರಿತೂಗದೆ ಭುಜವೂ ನೋಯುತ್ತದೆ. ಆದ್ದರಿಂದ ಕೆಳಗಿನ ಮಡಿಕೆಯಲ್ಲಿ ಮೊದಲು ಸಾಸಿವೆ ತುಂಬಿ ನೋಡಿದಳು. ಮಾಸ್ತಿಕಟ್ಟೆಯ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ, ಸಾಸಿವೆ ಮೊಳಕೆಯೊಡೆಯಿತು. ಈಗ 'ಮಣಿಸರದ ಗಾಜಿನ ಮಣಿ ಹಾಕಿದೀನಿ, ಒಗೆದ್ರೂ ಏನಾಗಲ್ಲ' ಎನ್ನುತ್ತಾಳೆ. ಇದೇ ರೋಗದಿಂದ ಬಂದ ಇಬ್ಬರು ಹೆಂಗಸರಿಗೂ ಅಂಥದೊಂದನ್ನು ಹೊಲಿದುಕೊಟ್ಟಿದ್ದಾಳೆ, ಹಣ ತೆಗೆದುಕೊಂಡಿಲ್ಲ.

ಬಿಡುಗಡೆಯ ದಿನ ಡಾಕ್ಟರು ತೆಗೆದ ಚೀಲವನ್ನು ಒಂದು ಡಬ್ಬಿಯಲ್ಲಿ ತಂದು ತೋರಿಸಿದರು. ಹರಿದು ಜೋಲುಬಿದ್ದಿದ್ದರೂ ಅದರ ಬೆನ್ನಿನಲ್ಲೊಂದು ಸಣ್ಣ ಬಿಲ್ಲೆಯಿತ್ತು. ಬಿಲ್ಲೆಯ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಕಂಪನಿಯ ಗುರುತು, ಅಳತೆ, ಸಂಖ್ಯೆ. ಚಿಕ್ಕಪ್ಪ ಎರಡು ಸಲ ಬಸ್ಸು ಹತ್ತಿ ಹುಡುಕಿಕೊಂಡು ಹೋದದ್ದು ಅಷ್ಟು ವರ್ಷವೂ ಅವಳೊಳಗೇ ಇತ್ತು. ಇನ್ನು ಅದರಿಂದ ಉಪಯೋಗವೇನೂ ಇಲ್ಲವೆಂದು ನಾನು ಹೇಳಿದೆ. ಅವಳು ಕೇಳಲಿಲ್ಲ, ಸಂಖ್ಯೆಯನ್ನು ನನ್ನಿಂದ ಎರಡು ಸಲ ಓದಿಸಿ ಕೈಮೇಲೆ ಬರೆದುಕೊಂಡಳು. ಊರಿಗೆ ಬಂದ ಮೇಲೆ, ಗಿರಾಕಿಗಳ ಸುತ್ತಳತೆ ತೋಳಳತೆಗಳನ್ನು ಬರೆದಿಡುವ ಉದ್ದನೆಯ ಪುಸ್ತಕದಲ್ಲಿ ತನ್ನ ಹೆಸರಿಗೊಂದು ಪುಟ ತೆಗೆದು ಅದನ್ನು ಬರೆದಿಟ್ಟಿದ್ದಾಳೆ.